ಮಾಯಮ್ಮ ಸಹಿ ಹಾಕಿಟ್ಟ ಕಾಗದಗಳು

ಶ್ರೀರಂಗಪಟ್ಟಣ ಪುರಸಭೆಗೆ ಎರಡು ಸಲ ಗೆದ್ದಿದ್ದ ಮಾಯಮ್ಮನಿಗೆ ಲೋಕಸಭೆಯ ಟಿಕೆಟ್ ಸಿಕ್ಕಿತೆಂದು ಟಿವಿಯಲ್ಲಿ ಬಂದಾಗ ಆಕೆ ತನ್ನ ವಾರ್ಡಿನ ಮೋರಿಯೊಂದರ ಪಕ್ಕ ನಿಂತು ಹೂಳು ತೆಗೆಸುತ್ತಿದ್ದಳು. ಹೆದ್ದಾರಿ ಬದಿಯಲ್ಲಿ ಪಂಚರ್ ಅಂಗಡಿ ಇಟ್ಟಿದ್ದ ಗಂಡ ದೇವರಾಜು ಗ್ರೀಸಿನ ಕೈಯಲ್ಲೇ ಓಡಿಬಂದು ವಿಷಯ ಹೇಳಿದ. ಅದು ಬೇರೆ ಯಾರೋ ಮಾಯಮ್ಮ ಇರಬೇಕು, ಹೋಗಿ ಕೆಲಸ ನೋಡು ಎಂದು ಆಕೆ ಅವನನ್ನು ಬೈದು ಕಳಿಸಿದಳು.

ನಂಬದಿದ್ದದ್ದು ಆಕೆಯ ತಪ್ಪಲ್ಲ. ಪಕ್ಷದ ಇಬ್ಬರು ದೊಡ್ಡ ಕುಳಗಳು ಆ ಟಿಕೆಟ್ಟಿಗಾಗಿ ತಿಂಗಳುಗಟ್ಟಲೆ ಒಬ್ಬರ ಕಾಲು ಒಬ್ಬರು ಎಳೆದಿದ್ದರು. ಮೇಲಿನವರು ತಲೆಕೆಟ್ಟು, ಯಾರ ಜೊತೆಗೂ ಜಗಳವಿಲ್ಲದ ಒಂದು ಹೆಸರು ಹುಡುಕಿದರು. ಬಾಬುರಾಯನಕೊಪ್ಪಲಿನಲ್ಲಿ ಹುಟ್ಟಿ, ಡೈರಿಗೆ ಹಾಲು ಹಾಕಿಕೊಂಡು, ಹತ್ತನೇ ಕ್ಲಾಸು ಪಾಸು ಮಾಡಿದ್ದ ಈ ಹೆಂಗಸು ಗೆದ್ದೂ ಬಿಟ್ಟಳು. ಎಣಿಕೆ ಮುಗಿದ ದಿನ ಕೊರಳ ತುಂಬ ಹಾರ ಹಾಕಿಕೊಂಡು ನಿಂತಿದ್ದರೂ ಆಕೆಯ ಮುಖದಲ್ಲಿದ್ದದ್ದು ಗಾಬರಿಯೇ.

ಆಕೆಗೆ ಯಾರ ಜೊತೆಗೂ ಯಾಕೆ ಜಗಳವಿರಲಿಲ್ಲವೆಂದರೆ, ಯಾರಿಗೂ ಇಲ್ಲ ಎಂದವಳೇ ಅಲ್ಲ. ಪುರಸಭೆ ಸದಸ್ಯೆಯ ಪತ್ರ ಎಂದರೆ ಸುಮ್ಮನೆಯೇ? ಆಧಾರ್ ವಿಳಾಸ ತಿದ್ದಲು ಬೇಕು, ವಿಧವಾ ವೇತನಕ್ಕೆ ಬೇಕು, ಆಸ್ಪತ್ರೆಗೂ ಬೇಕು. ಕೂಲಿ ಬಿಟ್ಟು ಬಂದವರು ತನ್ನನ್ನು ಹುಡುಕಿಕೊಂಡು ಅಲೆಯುವುದನ್ನು ನೋಡಲಾರದೆ ಮಾಯಮ್ಮ ಒಂದು ಉಪಾಯ ಮಾಡಿದಳು. ತನ್ನ ಹೆಸರು ಅಚ್ಚಾದ ಖಾಲಿ ಹಾಳೆಗಳಿಗೆಲ್ಲ ಕೆಳಗೆ ಸಹಿ ಹಾಕಿ, ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದ ಗೆಳತಿ ಜೀನತ್‌ಳ ಕೈಗೆ ಕೊಟ್ಟಿಟ್ಟಳು. ಬಂದವರ ಕಷ್ಟ ಕೇಳಿ, ಅವರ ಗುರುತು ನೋಡಿ, ಜೀನತ್ ಟೈಪು ಮಾಡಿಕೊಡುತ್ತಿದ್ದಳು. ಹತ್ತು ವರ್ಷದಲ್ಲಿ ಒಂದು ಪತ್ರವೂ ದಾರಿ ತಪ್ಪಲಿಲ್ಲ. ಅದು ಜೀನತ್‌ಳ ನಿಯತ್ತು. ಮಾಯಮ್ಮ ಮಾತ್ರ ಅದನ್ನು ತನ್ನ ಉಪಾಯದ ಗುಣ ಅಂದುಕೊಂಡಳು.

ಸಂಸದೆಯಾದ ಮೇಲೆ ಮೂರು ಸಿಂಹದ ಲಾಂಛನವಿದ್ದ ದಪ್ಪ ಕಾಗದ ಬಂತು. ಅಧಿವೇಶನಕ್ಕೆ ದೆಹಲಿಗೆ ಹೊರಡುವ ಮುನ್ನ ಮಾಯಮ್ಮ ಒಂದಿಡೀ ಬೆಳಿಗ್ಗೆ ಕೂತು, ಕೈ ನೋಯುವಷ್ಟು ಸಹಿ ಹಾಕಿದಳು. ಕೆ.ಆರ್. ಪೇಟೆಗೊಂದು ಕಟ್ಟು, ನಾಗಮಂಗಲಕ್ಕೊಂದು ಕಟ್ಟು, ಪಾಂಡವಪುರದ್ದು ಅಲ್ಲಿನ ಪಕ್ಷದ ಮುಖಂಡ ನಾಗರಾಜುವಿನ ಕೈಗೆ. ಶ್ರೀರಂಗಪಟ್ಟಣದ ಕಟ್ಟನ್ನು ಹಿಡಿದುಕೊಂಡು ತಾನೇ ಜೀನತ್‌ಳ ಅಂಗಡಿಗೆ ಹೋದಳು. ಜೀನತ್ ಮುಟ್ಟಲಿಲ್ಲ.

“ಇದು ಆ ಕಾಗ್ದ ಅಲ್ಲ ಅಕ್ಕ. ಇದು ಎಲ್ಲಿಗೋಗ್ತದೆ ಅಂತ ನಂಗೂ ಗೊತ್ತಾಗಲ್ಲ, ನಿಂಗೂ ಗೊತ್ತಾಗಲ್ಲ. ನನ್ ಅತ್ರ ಬ್ಯಾಡ.”

ಮಾಯಮ್ಮನಿಗೆ ಇರಿಸುಮುರಿಸಾಯಿತು. ದೊಡ್ಡವಳಾದೆನೆಂದು ಗೆಳತಿ ದೂರ ಸರಿಯುತ್ತಿದ್ದಾಳೆ ಅಂದುಕೊಂಡು ನಕ್ಕು ಬಂದಳು. ನಾಗರಾಜು ಹಾಗಲ್ಲ. ತಿಂಗಳಿಗೊಂದು ಸಲ ಫೋನು ಮಾಡಿ, ಜನ ಜಾಸ್ತಿ ಅಕ್ಕ, ಕಾಗದ ಮುಗಿದುಹೋಯಿತು ಎನ್ನುತ್ತಿದ್ದ. ಆಕೆ ಮತ್ತೆ ಸಹಿ ಹಾಕಿ ಕಳಿಸುತ್ತಿದ್ದಳು.

ಎರಡನೇ ವರ್ಷ ಪಾಂಡವಪುರದ ಕಡೆಯ ಕೆಂಚನಕೊಪ್ಪಲಿನಿಂದ ದೂರು ಬಂತು. ಊರಿನ ರೈಲ್ವೆ ಗೇಟನ್ನು ಮುಚ್ಚುತ್ತಾರೆಂದು ನೋಟಿಸು ಅಂಟಿಸಿದ್ದರು. ಹಳಿಯ ಈಚೆ ಊರು, ಆಚೆ ಗದ್ದೆ, ಹೈಸ್ಕೂಲು, ಡೈರಿ. ಗೇಟು ಹೋದರೆ ಕಬ್ಬಿನ ಟ್ರಾಕ್ಟರೂ ಮಕ್ಕಳೂ ನಾಲ್ಕು ಕಿಲೋಮೀಟರು ಸುತ್ತಬೇಕು. ಮಾಯಮ್ಮನಿಗೆ ರೇಗಿಹೋಯಿತು. ನಮ್ಮನ್ನು ಕೇಳದೆ ಮುಚ್ಚೋಕೆ ಇವರ್ಯಾರು ಎಂದು, ಊರಿನ ನಲವತ್ತು ಜನರನ್ನು ಎರಡು ಟೆಂಪೋಗಳಲ್ಲಿ ತುಂಬಿಸಿಕೊಂಡು ಮೈಸೂರಿನ ರೈಲ್ವೆ ಕಚೇರಿಗೆ ತಾನೇ ಮುಂದಾಗಿ ಹೋದಳು.

ಜನ ಅಂಗಳದಲ್ಲಿ ಕೂತರು. ಆಕೆ ಒಳಗೆ ಹೋಗಿ ಅಧಿಕಾರಿಯ ಮೇಜು ಗುದ್ದಿ ಕೇಳಿದಳು, ಯಾರು ಹೇಳಿದ್ದು ನಿಮಗೆ ಗೇಟು ಮುಚ್ಚೋಕೆ ಅಂತ. ಅಧಿಕಾರಿ ಮರ್ಯಾದಸ್ಥ. ಆತ ಫೈಲು ತೆರೆದು ಆಕೆಯ ಕಡೆ ತಿರುಗಿಸಿದ.

ಮೂರು ಸಿಂಹದ ಕಾಗದ. ಗೇಟು ಮುಚ್ಚಲು ಗ್ರಾಮಸ್ಥರ ಆಕ್ಷೇಪಣೆ ಇಲ್ಲ, ಬದಲಿಗೆ ಕೆಳಸೇತುವೆಯನ್ನು ಎರಡು ಕಿಲೋಮೀಟರು ಆಚೆಯ ಹೊಸ ಬಡಾವಣೆ ಬಳಿ ಕಟ್ಟಬೇಕು ಎಂದು ಅಚ್ಚುಕಟ್ಟಾಗಿ ಟೈಪಾಗಿತ್ತು. ಆ ಬಡಾವಣೆ ನಾಗರಾಜುವಿನದು. ಕೆಳಗಿದ್ದ ಸಹಿ ಆಕೆಯದೇ. ಹೊರಗಡೆ ಜನ ಆಕೆಗೆ ಜಯಕಾರ ಹಾಕುತ್ತಿದ್ದರು, ಕಿಟಕಿಯಿಂದ ಚೆನ್ನಾಗಿ ಕೇಳುತ್ತಿತ್ತು. ಇದು ಸುಳ್ಳು ಸಹಿ ಎಂದುಬಿಡಲು ನಾಲಿಗೆ ತುದಿಗೆ ಬಂದದ್ದೂ ನಿಜ. ಆದರೆ ಕೈ ನೋಯಿಸಿಕೊಂಡು ಹಾಕಿದ ಸಹಿಯನ್ನು ನನ್ನದಲ್ಲ ಎನ್ನುವುದು ಹೇಗೆ?

ಫೈಲು ನಾಳೆ ಮೇಲಕ್ಕೆ ಹೋಗುತ್ತದೆ, ಆ ಪತ್ರ ವಾಪಸ್ ತೆಗೆದುಕೊಳ್ಳುವುದಾದರೆ ಇವತ್ತೇ ನಿಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ ಎಂದ ಅಧಿಕಾರಿ. ಆಕೆಯ ಬಳಿ ಒಂದು ಹಾಳೆಯೂ ಇರಲಿಲ್ಲ. ಇದ್ದದ್ದನ್ನೆಲ್ಲ ಹಂಚಿಯಾಗಿತ್ತು.

ಹೊರಗೆ ಬಂದು ಆಕೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಗೇಟು ಮುಚ್ಚಿ ಎಂದಿರುವ ಕಾಗದ ನನ್ನದೇ, ಖಾಲಿ ಹಾಳೆಗೆ ಸಹಿ ಹಾಕಿ ಕೊಟ್ಟಿದ್ದೆ, ನನಗೆ ನಾಚಿಕೆಯಾಗುತ್ತಿದೆ ಎಂದಳು. ಆಗ ಮುಂದಿನ ಸಾಲಿನಲ್ಲಿದ್ದ ಮುದುಕ ಬೋರಯ್ಯ ಎದ್ದು, ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದ. ಒಳಗೆ ನಾಲ್ಕು ಮಡಿಕೆಯ ದಪ್ಪ ಕಾಗದ, ಮೂರು ಸಿಂಹ, ಕೆಳಗೆ ಸಹಿ, ಮಿಕ್ಕಿದ್ದೆಲ್ಲ ಖಾಲಿ.

“ಮೊಮ್ಮಗಳ ಕೆಲ್ಸಕ್ಕೆ ಬೇಕಾಯ್ತದೆ ಅಂತ ಮಡಗಿದ್ದೆ ಕಣವ್ವ. ಇದ್ರಲ್ಲೇ ಬರ್ದುಬುಡು. ಸೈನು ಆಗ್ಲೇ ಅದೆ.”

ಇದು ನಿನಗೆಲ್ಲಿ ಸಿಕ್ಕಿತು ಎಂದು ಕೇಳಿದಳು. ಎಲೆಕ್ಷನ್ ಆದ ಮೇಲೆ ನಾಗರಾಜು ಮನೆಗೊಂದರಂತೆ ಕೊಟ್ಟಿದ್ದಾನೆ, ಎಲ್ಲರ ಹತ್ತಿರವೂ ಇದೆ ಎಂದ ಬೋರಯ್ಯ.

ಮಾಯಮ್ಮ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಬೋರಯ್ಯನ ಹಾಳೆಯಲ್ಲಿದ್ದ ಹಳೆಯ ಸಹಿಗೆ ಗೀಟು ಹೊಡೆದು, ಮೇಲೆ ಕೈಬರಹದಲ್ಲಿ ನಾಲ್ಕು ಸಾಲು ಬರೆದು, ಎಲ್ಲರಿಗೂ ಕೇಳುವಂತೆ ಓದಿ, ಹೊಸದಾಗಿ ಸಹಿ ಹಾಕಿದಳು. ಆ ಹಾಳೆಯಿಂದಲೇ ಗೇಟು ಉಳಿಯಿತು, ಈಗಲೂ ಇದೆ. ಆದರೆ ಆವತ್ತು ಆಕೆ ಪತ್ರವನ್ನು ಒಳಗೆ ಕೊಟ್ಟುಬಂದು, ಮಿಕ್ಕವರ ಮುಂದೆ ಕೈಯೊಡ್ಡಿ, ನನ್ನ ಕಾಗದ ನನಗೆ ಕೊಟ್ಟುಬಿಡಿ, ಯಾರಿಗೆ ಏನು ಬೇಕೋ ಕೂತು ಕೇಳಿ ಬರೆದುಕೊಡುತ್ತೇನೆ ಎಂದಳು.

ಗೇಟಿಗೆ ಪ್ರಾಣ ಕೊಡುತ್ತೇವೆ ಎಂದು ಕೂಗಿದ್ದ ಮೂವತ್ತೊಂಬತ್ತು ಜನ ನೆಲ ನೋಡಿದರು. ಒಂದು ಕೈಯೂ ಮುಂದೆ ಬರಲಿಲ್ಲ. ಕೊನೆಗೆ ಪುಟ್ಟಲಕ್ಷ್ಮಮ್ಮ ಎಂಬ ಹೆಂಗಸು ಕಾಗದ ಕಟ್ಟಿಕೊಂಡಿದ್ದ ಸೆರಗನ್ನು ಎದೆಗೆ ಅವುಚಿಕೊಂಡು, ಮೆತ್ತಗೆ, ಬೇಡುವ ದನಿಯಲ್ಲಿ ಹೇಳಿದಳು:

“ನನ್ ಮಗಳ್ದು ನರ್ಸ್ ಕೆಲ್ಸ ಒಂದಾಗ್ಲಿ ಕಣಕ್ಕ. ಆಮ್ಯಾಕೆ ಕೊಡ್ತೀನಿ.”