ಓನರ್ ಆಂಟಿಯ ದ್ವೀಪ

ಕಳೆದ ತಿಂಗಳು ಕ್ಯಾತ್ಸಂದ್ರದ ಆ ಮನೆಯ ತಾರಸಿ ಹತ್ತಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಒಂದು ಹುಲ್ಲಿನ ಟೋಪಿ. ಅಗಲ ಅಂಚಿನದು. ಸುತ್ತ ಕಟ್ಟಿದ್ದ ನೀಲಿ ರಿಬ್ಬನ್ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ಅದನ್ನು ಒಂದು ಕೋಲಿಗೆ ಸಿಕ್ಕಿಸಿ, ಪೇಂಟ್ ಡಬ್ಬದಲ್ಲಿ ಎದ್ದಿದ್ದ ಮೆಣಸಿನ ಸಸಿಗಳಿಗೆ ನೆರಳು ಮಾಡಿದ್ದರು. ಕೈಯಲ್ಲಿದ್ದ ನಮ್ಮ ಗೃಹಪ್ರವೇಶದ ಪತ್ರಿಕೆಗಳನ್ನು ನೀರಿನ ಟ್ಯಾಂಕಿನ ಕಟ್ಟೆಯ ಮೇಲಿಟ್ಟು, ಟೋಪಿ ತೆಗೆದು ಮೂಗಿನ ಹತ್ತಿರ ಹಿಡಿದೆ. ಮಣ್ಣಿನ ವಾಸನೆ, ಹಳೆಯ ಹುಲ್ಲಿನ ವಾಸನೆ... ಸಮುದ್ರದ ವಾಸನೆ ಅದಕ್ಕೆ ಹತ್ತಿರಲಿಲ್ಲ. ಹತ್ತಲು ಬಿಟ್ಟಿರಲಿಲ್ಲ.

ನನಗೆ ಇನ್ನೂ ಸಿಟ್ಟಿದೆ. ಅದಕ್ಕೇ ಆತುರಪಡದೆ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಮದುವೆಗೆ ಮುಂಚೆ ನಾನು ಆ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಊರು ಕುಣಿಗಲ್, ಕೆಲಸ ತುಮಕೂರಿನ ಕನ್ನಡಕದ ಅಂಗಡಿಯಲ್ಲಿ. ಕೆಳಗಿನ ಮನೆಯವರನ್ನು ನಾನೂ, ನನಗಿಂತ ಮುಂಚೆ ಅಲ್ಲಿದ್ದವರೂ ಓನರ್ ಆಂಟಿ ಎಂದೇ ಕರೆದದ್ದು. ಮನೆ ಇದ್ದದ್ದು ಅಂಕಲ್ ಹೆಸರಿನಲ್ಲಿ. ಅಂಕಲ್ ಕೊಬ್ಬರಿ ವ್ಯಾಪಾರದವರು, ಗುಬ್ಬಿ ಕಡೆ ಸ್ವಲ್ಪ ತೆಂಗಿನ ತೋಟವೂ ಇತ್ತು. ಆಂಟಿ ಸಾರಿನ ಪುಡಿ ಮಾಡಿ ಸುತ್ತಮುತ್ತಲ ಮನೆಗಳಿಗೆ, ಪೀಜಿಗಳಿಗೆ ಕೊಡುತ್ತಿದ್ದರು. ಅವರು ಧನಿಯ ಹುರಿಯುವ ದಿನ ನನ್ನ ದಿಂಬಿನಲ್ಲೂ ಆ ಘಮ ಇರುತ್ತಿತ್ತು.

ಅವರನ್ನು ಕೂಗದ ಹೊತ್ತೇ ಇರಲಿಲ್ಲ. ಮುಂಬಾಗಿಲಿನಿಂದ ಅಂಕಲ್, ಹಿತ್ತಲಿನಿಂದ ಪಕ್ಕದ ಮನೆಯವರು, ಗೇಟಿನಿಂದ ಪುಡಿಗೆ ಬಂದವರು. ಫೋನಿನಲ್ಲಿ ಅಂಕಲ್ ಅವರ ಅಕ್ಕ. ಗುಬ್ಬಿಯಲ್ಲಿದ್ದ ಆಕೆಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಒಮ್ಮೆ ಮೆಣಸಿನಕಾಯಿ ಒಣಹಾಕಲು ಮೇಲೆ ಬಂದಿದ್ದಾಗ ಆಂಟಿಗೆ ನಾನು ಫೋನಿನಲ್ಲಿ ಕೆಲವು ಫೋಟೋ ತೋರಿಸಿದೆ. ನಮ್ಮ ಅಂಗಡಿಯ ಹುಡುಗಿಯೊಬ್ಬಳು ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬಂದಿದ್ದಳು. ಕಂಬ ಕಂಬವಾಗಿ ಎದ್ದು ನಿಂತ ಕಪ್ಪು ಕಲ್ಲು, ಬಾಗಿದ ತೆಂಗು, ನೀಲಿ ನೀರು. ಆಂಟಿ ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

"ಸುತ್ತಾನೂ ನೀರಾ?"

"ಹೂಂ ಆಂಟಿ. ದೋಣೀಲಿ ಹೋಗ್ಬೇಕು."

"ನಾಲ್ಕೂ ಕಡೆ ನೀರಿದ್ರೆ ಯಾರೂ ಕೂಗಕ್ಕಾಗಲ್ಲ ಅಲ್ವೇನೇ," ಎಂದರು. "ಅಂಥ ಜಾಗದಲ್ಲಿ ಒಂದ್ಸಲ ನಿಂತ್ಕೋಬೇಕು ಕಣೇ."

ಅಲ್ಲಿಂದ ನಮ್ಮ ಭಾನುವಾರಗಳೆಲ್ಲ ಅದೇ ಆಯಿತು. ಆಂಟಿಯ ಪುಡಿಯ ಗಳಿಕೆ, ನನ್ನ ಸಂಬಳದಲ್ಲಿ ಮಿಕ್ಕದ್ದು. ಅಷ್ಟರಲ್ಲೇ ಮುಗಿಯಬೇಕು. ಶುಕ್ರವಾರ ಸಂಜೆ ಕುಣಿಗಲ್ಲಿಗೆ ಹೋಗಿ ನಮ್ಮಮ್ಮನ ಮನೆಯಲ್ಲಿ ಊಟ, ಆಮೇಲೆ ಅಲ್ಲಿಂದಲೇ ರೈಲು. ಬೆಳಿಗ್ಗೆ ಉಡುಪಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ರೂಮು, ಸ್ನಾನ, ಆಂಟಿಯ ಲಿಂಗಪೂಜೆ. ಪೂಜೆಯಾಗದೆ ಅವರು ನೀರೂ ಕುಡಿಯುತ್ತಿರಲಿಲ್ಲ. ಆಮೇಲೆ ಸಿಟಿ ಬಸ್ಸಿನಲ್ಲಿ ಮಲ್ಪೆ, ಮೊದಲ ದೋಣಿ. ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ, ನಿಪ್ಪಟ್ಟು ಮನೆಯಿಂದಲೇ. ದ್ವೀಪದೊಳಗೆ ತಿಂಡಿ ಬಿಡುವುದಿಲ್ಲವೆಂದು ಯಾರೋ ಹೇಳಿದರು. ಹಾಗಾದರೆ ದಡದಲ್ಲೇ ತಿಂದು ಹೋಗೋಣ ಎಂದು ಆಂಟಿ ತೀರ್ಮಾನಿಸಿದರು. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿಸಿಲು, ಶಿವರಾತ್ರಿಗೆ ಮುಂಚೆ ಸರಿ ಎಂದು ಗೊತ್ತಾಯಿತು. ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಟೋಪಿ ಕೊಂಡದ್ದು ಆಗಲೇ. ಆಂಟಿ ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಮೇಲೆ ಇಟ್ಟರು.

ಅಂಕಲ್ ಬೇಡ ಎನ್ನಲಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಆ ಮನೆಯಲ್ಲಿ ಯಾರೂ ಯಾವತ್ತೂ ಬೇಡ ಎನ್ನಲಿಲ್ಲ. ಅಂಕಲ್ ಫೋಟೋ ನೋಡಿ ನಕ್ಕರು, ಅಷ್ಟೇ.

"ತೆಂಗಿನ ಮರ ನೋಡಕ್ಕೆ ದುಡ್ ಕೊಟ್ಟು ಅಷ್ಟು ದೂರ ಹೋಗ್ತಾರೇನೇ? ನಮ್ ತೋಟದಲ್ಲಿ ಇಲ್ವಾ?"

"ಅಲ್ಲಿ ಮರ ಬಗ್ಗಿರ್ತವೆ ಕಣ್ರೀ."

"ಬಗ್ಗಿದ್ರೆ ಕಾಯಿ ಕೀಳಕ್ಕೆ ಸುಲಭ. ಅದರಲ್ಲೇನೈತೆ ನೋಡಾದು?"

ದೊಡ್ಡಕ್ಕನಿಗೆ ಸುದ್ದಿ ಹೋಯಿತು. ಮುಂದಿನ ಭಾನುವಾರ ಅವರೇ ಗುಬ್ಬಿಯಿಂದ ರೈಲು ಹತ್ತಿ ಬಂದರು. ಕಾಫಿ ಲೋಟ ಹಿಡಿದು, ಆಂಟಿಯನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಿದರು.

"ಆ ದ್ವೀಪದಲ್ಲಿ ದೇವಸ್ಥಾನ ಐತಾ?"

"ಇಲ್ಲ ಅತ್ತಿಗೆ."

"ಮಠ?"

"ಇಲ್ಲ."

"ಮತ್ತೆ ಯಾರೈತಾರೆ ಅಲ್ಲಿ?"

"ಯಾರೂ ಇಲ್ಲ. ಅದಕ್ಕೇ ಹೋಗಾದು."

ದೊಡ್ಡಕ್ಕ ತಮ್ಮನ ಕಡೆ ತಿರುಗಿದರು. "ನೋಡ್ದೇನ್ಲಾ. ನಮ್ ಗುಬ್ಬಿ ಹತ್ರ ಬಿದರೆಹಳ್ಳ ಕಾವಲ್ ಫ್ಯಾಕ್ಟ್ರೀಲಿ ಹೆಲಿಕಾಪ್ಟರ್ ಮಾಡ್ತಾವ್ರಲ್ಲ, ಒಂದು ತರ್ಸು. ನಿನ್ ಹೆಂಡ್ತೀನ ಮೇಲಿಂದ ಇಳಿಸ್ಬುಟ್ಟು ಬರಣ." ಎಲ್ಲರೂ ನಕ್ಕರು, ಆಂಟಿಯೂ ನಕ್ಕರು. ಆಮೇಲೆ ದೊಡ್ಡಕ್ಕ ಮೆತ್ತಗೆ ಹೇಳಿದರು: "ಅಷ್ಟು ದೂರ ಹೋಗಿ ದೇವ್ರಿಗೆ ಮುಖ ತೋರಿಸ್ದೆ ಬಂದ್ರೆ ಜನ ಏನಂತಾರೆ? ದಾರೀಲೇ ಧರ್ಮಸ್ಥಳ ಸಿಗ್ತದೆ. ನಾನೂ ಬತ್ತೀನಿ ಬುಡು."

ಆಂಟಿ ಸೆರಗಿನ ಒಳಗೆ ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು. "ನನ್ ದೇವ್ರು ಕೊರಳಲ್ಲೇ ಅವ್ನೆ ಅತ್ತಿಗೆ. ಸಮುದ್ರ ಇಲ್ಲ ಅಷ್ಟೇ," ಎಂದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ದೊಡ್ಡಕ್ಕ ಬರುವುದಾದರೆ ರಾತ್ರಿಯಿಡೀ ರೈಲು ಆಗದು, ಮಂಡಿನೋವು. ಗಾಡಿ ಮಾಡಬೇಕು. ಗಾಡಿ ಮಾಡಿದರೆ ಇಬ್ಬರು ಮೂವರಿಗೆ ಬಾಡಿಗೆ ಭಾರ, ಸೀಟು ತುಂಬಿದರೆ ತಲೆಗೆ ಕಡಿಮೆ ಬೀಳುತ್ತದೆ. ಕಡಿಮೆ ಖರ್ಚಿನಲ್ಲಿ ಆಗಬೇಕೆಂದು ಹಟ ಹಿಡಿದವರು ಆಂಟಿಯೇ ಅಲ್ಲವೇ ಎಂದು ಅಕ್ಕ ತಮ್ಮ ಸೇರಿ ಅವರ ಮಾತನ್ನು ಅವರಿಗೇ ತಿರುಗಿಸಿದರು. ಟೆಂಪೋ ಟ್ರಾವೆಲರ್ ಗೊತ್ತಾಯಿತು. ಅಂಕಲ್ ಅವರ ವ್ಯಾಪಾರದ ಸ್ನೇಹಿತರು, ಅವರ ಹೆಂಡತಿ, ದೊಡ್ಡಕ್ಕನ ಮಗಳು, ಅಳಿಯ, ಮೊಮ್ಮಕ್ಕಳು. ಸೀಟು ಹಿಡಿದವರೆಲ್ಲ ಜೊತೆಗೊಂದು ದೇವಸ್ಥಾನವನ್ನೂ ತಂದರು. ಸ್ನೇಹಿತರಿಗೆ ಸುಬ್ರಹ್ಮಣ್ಯದಲ್ಲಿ ಹರಕೆ. ಅಳಿಯನಿಗೆ ಕಟೀಲು. ಉಡುಪಿಯಂತೂ ದಾರಿಯಲ್ಲೇ. ಹೋಟೆಲ್ ಊಟ ದುಬಾರಿ ಎಂದು ಗ್ಯಾಸ್ ಸ್ಟೌವು, ಪಾತ್ರೆ, ಅಕ್ಕಿ ಗಾಡಿಯ ಹಿಂದೆ ಏರಿದವು. ಮುಂಗಡ ಕೊಟ್ಟದ್ದು ಆಂಟಿಯ ಪುಡಿಯ ದುಡ್ಡು. ದ್ವೀಪ ಮಾತ್ರ ಭಾನುವಾರ ಮಧ್ಯಾಹ್ನಕ್ಕೆ ಜರುಗಿ, ಎಲ್ಲದರ ಕೊನೆಯಲ್ಲಿ ನಿಂತಿತು.

"ಬಾ ಕಣೇ, ನೀನಿಲ್ದಿದ್ರೆ ನಾನು ಅಡುಗೆಯವಳಾಗ್ತೀನಿ," ಎಂದು ಆಂಟಿ ನನ್ನನ್ನು ಕರೆದುಕೊಂಡರು. ನಾನಿದ್ದೂ ಅವರು ಅಡುಗೆಯವರೇ ಆದರು. ಶಿರಾಡಿ ಘಾಟಿ ಇಳಿಯುವ ಮುಂಚೆ ಉಪ್ಪಿಟ್ಟು, ಸುಬ್ರಹ್ಮಣ್ಯದ ಹೊಳೆಯ ಹತ್ತಿರ ಕಾಫಿ, ಉಡುಪಿಯಲ್ಲಿ ಮತ್ತೆ ಕಾಫಿ. ಎಲ್ಲ ಕಡೆಯೂ ಸಾಲು ಉದ್ದವಿತ್ತು. ಸಾಲಿನಲ್ಲಿ ನಿಂತಾಗೆಲ್ಲ ಆಂಟಿ ಕತ್ತೆತ್ತಿ ಸೂರ್ಯ ಎಲ್ಲಿದ್ದಾನೆಂದು ನೋಡುತ್ತಿದ್ದರು. ಭಕ್ತಿ ಕಡಿಮೆಯಾದವರಲ್ಲ ಅವರು. ಆ ಗಾಡಿಯಲ್ಲಿ ಎರಡೂ ದಿನ ಪೂಜೆ ತಪ್ಪಿಸದವರು ಅವರೊಬ್ಬರೇ.

ಮಲ್ಪೆ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಈಗ ಬರೆಯುವುದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿ ಹಾಕಿ ನೋಡಿದ್ದೇನೆ, ಎಲ್ಲಾದರೂ ಹೆಚ್ಚಿಗೆ ಸೇರಿಸುತ್ತಿದ್ದೇನೆಯೇ ಎಂದು. ಇಲ್ಲ. ಟಿಕೆಟ್ ಕೌಂಟರ್ ತೆರೆದಿತ್ತು. ದೋಣಿ ನಿಂತಿತ್ತು. ದ್ವೀಪ ಕಾಣುತ್ತಿತ್ತು, ನೀರಿನ ಮೇಲೆ ಇದ್ದಿಲಿನಲ್ಲಿ ಎಳೆದ ಒಂದು ಗೆರೆಯಂತೆ. ಕೌಂಟರಿನವನು ಒಳಗಿನಿಂದಲೇ ಕೇಳಿದ: "ಇನ್ನೊಂದು ಟ್ರಿಪ್ಪು ಉಂಟು. ಬರ್ತೀರಾದ್ರೆ ಈಗ್ಲೇ ಬನ್ನಿ." ಆಂಟಿ ಟೋಪಿ ಹಾಕಿಕೊಂಡೇ ಇಳಿದಿದ್ದರು.

"ಎಲ್ಲಾರ್ಗೂ ಟಿಕೆಟ್ ಅಂದ್ರೆ ಸಿಕ್ಕಾಪಟ್ಟೆ ಆಯ್ತದೆ," ಎಂದರು ಅಂಕಲ್.

"ನಾವಿಬ್ರೇ ಹೋಗ್ಬರ್ತೀವಿ ಅಂಕಲ್, ದುಡ್ಡು ನಮ್ಮತ್ರ ಇದೆ," ಎಂದೆ ನಾನು.

"ಲೇಟಾಯ್ತದೆ ಕಣಮ್ಮ. ಬೆಳಿಗ್ಗೆ ನಾನು ಕೊಬ್ಬರಿ ಮಂಡಿಗೆ ಹೋಗಾದೈತೆ."

ಡ್ರೈವರ್ ಹೇಗೂ ತಾನು ಸ್ವಲ್ಪ ಮಲಗಬೇಕು, ದೋಣಿ ಬರುವವರೆಗೆ ಕಾಯುತ್ತೇನೆ ಎಂದ. ಆ ನೆಪ ಮುಗಿಯಿತು. ಆಗ ದೊಡ್ಡಕ್ಕ, ಮರಳಿನ ಮೇಲೆ ಹಾಸಿದ ಜಮಖಾನದಿಂದ ಏಳದೆಯೇ ಕೇಳಿದರು.

"ಇವಳು ದೋಣಿ ಹತ್ಕೊಂಡ್ ಹೋದ್ರೆ ಇಷ್ಟು ಜನಕ್ಕೆ ಅನ್ನಕ್ಕಿಡೋರು ಯಾರು?"

ಒಬ್ಬರಾದರೂ ಬಾಯಿಬಿಡಲಿ ಎಂದು ನಾನು ಸುತ್ತ ನೋಡಿದೆ. ಮಗಳು ಮಗುವಿನ ಕೈಯ ಮರಳು ಒರೆಸುತ್ತಿದ್ದಳು. ಅಳಿಯ ಫೋನ್ ನೋಡುತ್ತಿದ್ದ. ನಾನು ಮತ್ತೆ ಬಾಯಿ ತೆರೆದೆ. ಅಂಕಲ್, ಗದರದೆ, ನಗುತ್ತಲೇ ಹೇಳಿದರು: "ನೀನು ಬಾಡಿಗೆಗಿರೋಳು ಕಣಮ್ಮ. ಇದು ಮನೆ ವಿಷಯ."

"ಬುಡು ಕಣೇ," ಎಂದರು ಆಂಟಿ. ನನಗೆ, ಅವರಿಗಲ್ಲ.

ದೋಣಿ ಹೊರಟಿತು. ಆಂಟಿ ಗಾಡಿಯ ಮರೆಯಲ್ಲಿ ಗಾಳಿಗೆ ಅಡ್ಡವಾಗಿ ರಟ್ಟು ಹಿಡಿದು ಸ್ಟೌವು ಹಚ್ಚಿದರು. ನಾನು ಈರುಳ್ಳಿ ಹೆಚ್ಚಿದೆ. ಅಕ್ಕಿ ಬೇಯುವಷ್ಟು ಹೊತ್ತೂ ಅವರು ಸಮುದ್ರದ ಕಡೆಗೇ ಮುಖಮಾಡಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಅನ್ನ ಬಸಿದು, ಆರಹಾಕಿ, ಚಿತ್ರಾನ್ನ ಕಲಸಿ, ಎಲ್ಲರೂ ಉಂಡು ಕೈತೊಳೆಯುವಾಗ ದೋಣಿ ವಾಪಸ್ಸು ಬಂದು ನಿಂತಿತು. ಇಳಿದವರಲ್ಲಿ ಆಂಟಿಯ ವಯಸ್ಸಿನ ಒಬ್ಬ ಹೆಂಗಸು ಇದ್ದಳು, ಸೀರೆಯ ಅಂಚು ಒದ್ದೆ. ಆಂಟಿ ಆ ಅಂಚನ್ನೇ ನೋಡುತ್ತಿದ್ದರು... ಪಾತ್ರೆ ಉಜ್ಜುವುದನ್ನು ನಿಲ್ಲಿಸಿ.

ಹೊರಡುವ ಮುಂಚೆ ಅಂಕಲ್ ಆಂಟಿಯನ್ನು ನೀರಿನಂಚಿಗೆ ಕರೆದೊಯ್ದು ನಿಲ್ಲಿಸಿದರು. "ಟೋಪಿ ತೆಗಿ, ಸೆರಗು ಹೊದ್ಕೋ," ಎಂದು ಫೋಟೋ ತೆಗೆದರು. ಆಮೇಲೆ ಫೋನನ್ನು ಎಲ್ಲರಿಗೂ ತೋರಿಸಿದರು. "ನೋಡು, ಹಿಂದೆ ದ್ವೀಪಾನೂ ಬಂದೈತೆ. ಇನ್ನೇನಾಗ್ಬೇಕು ನಿಂಗೆ?"

ಘಾಟಿ ಹತ್ತುವಾಗ ಮಕ್ಕಳು ಬಾಳೆಹಣ್ಣಿನ ಸಿಪ್ಪೆ, ಪ್ರಸಾದದ ಕವರು ಹಾಕಲು ಜಾಗ ಹುಡುಕಿದರು. ದೊಡ್ಡಕ್ಕ ಆಂಟಿಯ ತೊಡೆಯ ಮೇಲಿದ್ದ ಟೋಪಿಯನ್ನು ಅಂಗಾತ ಮಾಡಿ ಮುಂದೆ ಚಾಚಿದರು. ಆಂಟಿ ತಡೆಯಲಿಲ್ಲ. ಟೋಪಿ ಆವತ್ತಿನಿಂದಲೇ ಬುಟ್ಟಿ.

ಮರುದಿನ ಬೀದಿಯವರೆಲ್ಲ ಪ್ರಸಾದ ಕಣ್ಣಿಗೊತ್ತಿಕೊಂಡು ಪುಣ್ಯ ಮಾಡಿದ್ದೀರಿ ಎಂದರು. "ಅವಳು ಆಸೆಪಟ್ಲು ಅಂತ ಎಲ್ಲಾ ಸುತ್ತಾಡಿಸ್ಕೊಂಡು ಬಂದ್ವಿ," ಎಂದು ಅಂಕಲ್ ಹೇಳುವುದನ್ನು ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ. ಹೊಡೆದಿದ್ದರೆ, ಬೈದಿದ್ದರೆ ದೂರು ಹೇಳಬಹುದಿತ್ತು. ಇದಕ್ಕೆ ಏನೆಂದು ಹೆಸರಿಡುವುದು? ಎಲ್ಲರೂ ಒಳ್ಳೆಯವರೇ. ಒಳ್ಳೆಯವರೆಲ್ಲ ಸೇರಿ ಒಬ್ಬ ಹೆಂಗಸಿನ ಒಂದು ಮಧ್ಯಾಹ್ನವನ್ನು ತಿಂದು ಕೈತೊಳೆದರು.

ಆಂಟಿ ಆ ಮಾತೆತ್ತಲಿಲ್ಲ. ಒಮ್ಮೆ ಮಾತ್ರ, ಜಡಿಮಳೆಯಲ್ಲಿ, ತಾರಸಿಯ ಬಾಗಿಲಲ್ಲಿ ನಿಂತು ಕೇಳಿದರು: "ಈಗ ಅಲ್ಲಿ ದೋಣಿ ಬಿಡಲ್ಲ ಅಲ್ವೇನೇ?"

"ಇಲ್ಲ ಆಂಟಿ. ಮಳೆ ಮುಗೀಬೇಕು."

"ಮುಗೀಲಿ," ಎಂದರು.

ಮಳೆ ಮುಗಿಯುವಷ್ಟರಲ್ಲಿ ನಾನು ಮದುವೆಯಾಗಿ ಗುಬ್ಬಿಗೆ ಹೋದೆ. ಅದರ ಮುಂದಿನ ಮಳೆಯೂ ಮುಗಿಯಿತು. ಆಂಟಿಗೆ ಎದೆನೋವು ಬಂದು ಹೋಗಿಬಿಟ್ಟರು ಎಂದು ಫೋನ್ ಬಂದಾಗ ನಾನು ಕುಣಿಗಲ್ಲಿನಲ್ಲಿ ಬಾಣಂತಿ. ಶಿವಗಣಾರಾಧನೆಗೂ ಹೋಗಲಾಗಲಿಲ್ಲ...

ಹಾಗಾಗಿ ಅವರ ದೊಡ್ಡ ಫೋಟೋವನ್ನು ನಾನು ನೋಡಿದ್ದು ಕಳೆದ ತಿಂಗಳೇ. ತಾರಸಿಯಿಂದ ಇಳಿದು ಬಂದು, ಪತ್ರಿಕೆ ಕೊಟ್ಟು, ನಡುಮನೆಯ ಗೋಡೆಯ ಕಡೆ ತಿರುಗಿದೆ. ಅದೇ ಫೋಟೋ. ಹೊದ್ದ ಸೆರಗು, ಹಣೆಯ ಮೇಲೆ ವಿಭೂತಿ, ಗಾಳಿಗೆ ಕಿರಿದಾದ ಕಣ್ಣು. ಹಿಂದೆ ಬರಿಯ ನೀಲಿ, ಒಂದೇ ಸಮನೆ.

"ಮಲ್ಪೇಲಿ ತೆಗ್ದಿದ್ದು," ಎಂದರು ಅಂಕಲ್. ಬಹಳ ಬಡವಾಗಿದ್ದರು. "ಎಷ್ಟು ಚೆನ್ನಾಗಿ ಬಂದವ್ಳೆ ನೋಡು. ತಲೆ ಹಿಂದೆ ಏನೋ ಕಪ್ಪಗೆ ಅಡ್ಡ ಬಂದಿತ್ತು. ಸ್ಟುಡಿಯೋದವನು ನೀಟಾಗಿ ತೆಗೆದ."

"ಅದು ದ್ವೀಪ ಅಂಕಲ್."

"ಯಾವ ದ್ವೀಪ?"

ಅವರು ನಾಟಕವಾಡುತ್ತಿರಲಿಲ್ಲ. ನಿಜವಾಗಿಯೂ ಮರೆತಿದ್ದರು. ಈಗ ಆಂಟಿಯ ನಾಲ್ಕೂ ಕಡೆ ನೀಲಿಯೇ ಇದೆಯಲ್ಲ, ಇನ್ನು ಯಾರೂ ಕೂಗುವುದಿಲ್ಲವಲ್ಲ ಎಂದು ಯಾರಾದರೂ ಸಮಾಧಾನ ಹೇಳಬಹುದು. ನಾನು ಅದನ್ನು ಒಪ್ಪುವುದಿಲ್ಲ. ಅವರು ಕೇಳಿದ್ದು ಸ್ಟುಡಿಯೋದ ನೀಲಿಯನ್ನಲ್ಲ. ಕಾಲಡಿಗೆ ಕಲ್ಲು ಬೇಕಿತ್ತು ಅವರಿಗೆ.

ಟೋಪಿಯನ್ನು ಕೊಡುತ್ತೀರಾ ಎಂದು ಕೇಳಿದೆ.

"ಅದಾ? ತಗೊಂಡೋಗಮ್ಮ. ಸಸಿಗೆ ಗೋಣಿಚೀಲ ಕಟ್ಟಿದ್ರಾಯ್ತು."

ಎಷ್ಟು ಸುಲಭವಾಗಿ ಕೊಟ್ಟರು. ಆವತ್ತು ದೋಣಿಯ ಒಂದು ಸರದಿಯನ್ನೂ ಇಷ್ಟೇ ಸುಲಭವಾಗಿ ಕೊಡಬಹುದಿತ್ತು.

ಕ್ಯಾತ್ಸಂದ್ರದಲ್ಲಿ ಗುಬ್ಬಿಯ ರೈಲು ಹತ್ತಿ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದ ಹೆಂಗಸು ಕಡಲೆಕಾಯಿ ಬಿಡಿಸುತ್ತಿದ್ದಳು. ಮಾತಾಡುತ್ತಾ ಆಡುತ್ತಾ, ಸಿಪ್ಪೆ ಹಿಡಿದ ಕೈಯನ್ನು ಟೋಪಿಯ ಕಡೆ ತಂದಳು. ನಾನು ಅಂಗೈ ಅಡ್ಡ ಇಟ್ಟೆ.