ಹೊಸ ಕಾರ್ಡಿಗೆ ವಿಭೂತಿ

ಫ್ರೆಂಡ್ಸ್, ಹೊನ್ನಾಳಿಯ ನಮ್ಮ ಮನೆಯಲ್ಲಿ ಇವತ್ತು ಕ್ರೆಡಿಟ್ ಕಾರ್ಡಿಗೆ ಪೂಜೆ ನಡೆಯಿತು. ಯಾರೋ ನನ್ನ ಹಳೇ ಕಾರ್ಡಿನ ನಂಬರ್ ಕದ್ದು ಬಳಸಲು ನೋಡಿದ್ದರಿಂದ ಬ್ಯಾಂಕಿನವರು ಅದನ್ನು ರದ್ದು ಮಾಡಿ ಹೊಸದು ಕಳಿಸಿದ್ದರು. ಮನೆಖರ್ಚಿನ ಲೆಕ್ಕವಿಡುವ ಆ್ಯಪಿನಲ್ಲಿ ಹೊಸ ನಂಬರ್ ಹಾಕೋಣವೆಂದು ಫೋನ್ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅತ್ತೆ ಕಾರ್ಡಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದು ದೇವರ ಮುಂದೆ ಇಟ್ಟಿದ್ದರು. ನಂಬರ್ ಪೂರ್ತಿ ಮಾಯ.

"ಒರೆಸಬ್ಯಾಡ. ಹಳೇದಕ್ಕೆ ಹಚ್ಚಿರಲಿಲ್ಲ, ಅದಕ್ಕೇ ಹಂಗಾತು," ಎಂದರು.

"ನಂಬರ್ ಕಾಣಬೇಕಲ್ಲ ಅತ್ತೆ. ಹಳೇ ಕಾರ್ಡಿನ ಲೆಕ್ಕಕ್ಕೇ ಇದನ್ನ ಸೇರಿಸಬೇಕು."

"ಅದ್ರ ಬಾಕಿನೂ ಇದಕ್ಕೇ ಬರ್ತೈತಾ?"

"ಬರ್ತೈತ್ರಿ."

"ಹೊಸಾದಕ್ಕೆ ಹಳೇ ಸಾಲ ಯಾಕೆ ಅಂಟಿಸ್ತೀಯವ್ವ? ಆ ಕಾರ್ಡು ಸತ್ತೋಗೈತೆ. ಸಾಲನೂ ಅದ್ರ ಜೊತೆಗೇ ಹೋಗ್ಲಿ ಬಿಡು."

ಆ ಸಾಲ ಯಾವುದೆಂದು ಫೋನಿನಲ್ಲೇ ತೆಗೆದು ತೋರಿಸಿದೆ. ತಮ್ಮ ಮಗಳ ಸೀಮಂತಕ್ಕೆಂದು ದಾವಣಗೆರೆಯಲ್ಲಿ ಅತ್ತೆಯೇ ಅಂಗಡಿ ಅಂಗಡಿ ಹತ್ತಿಳಿದು ಆರಿಸಿದ್ದ ರೇಷ್ಮೆ ಸೀರೆ.

ಅತ್ತೆ ಕಾರ್ಡನ್ನು ತಾವೇ ಬೆರಳಿಂದ ಒರೆಸಿ, ಆ ವಿಭೂತಿಯನ್ನು ಹಾಗೇ ನನ್ನ ಹಣೆಗೆ ಎಳೆದರು.

"ತೀರಿಸಾಕೆ ಶಿವ ನಿನಗೆ ಶಕ್ತಿ ಕೊಡ್ಲವ್ವ."

ಆ್ಯಪಿನಲ್ಲಿ ಈಗ ಕಾರ್ಡಿನ ನಂಬರ್ ಬದಲಾಗಿದೆ. ಕಟ್ಟುವವಳು ಮಾತ್ರ ಬದಲಾಗಿಲ್ಲ.