ಗಡ್ಡೆ ಕರಗಿಸುವ ಮಾತ್ರೆ

ನಿಟ್ಟೂರಿನ ಗುತ್ಯಪ್ಪ ಮಲೇರಿಯಾ ಇಲಾಖೆಯಲ್ಲಿ ಡಿಡಿಟಿ ಹೊಡೆಯುವ ಕೆಲಸಕ್ಕಿದ್ದ. ಮನೆಮನೆಗೆ ಹೋಗಿ ಗೋಡೆಗೆ ಮದ್ದು ಸಿಂಪಡಿಸುವುದು, ಬೆಕ್ಕು ಸತ್ತಿತೆಂದು ಬೈಸಿಕೊಳ್ಳುವುದು, ಹಬ್ಬ ಬಂತೆಂದು ಅದೇ ಗೋಡೆಗೆ ಸಗಣಿ ಸಾರಿಸಿ ಮದ್ದನ್ನೆಲ್ಲ ಮುಚ್ಚಿಬಿಟ್ಟ ಹೆಂಗಸರಿಗೆ ತಾನೂ ಬೈಯುವುದು, ಇದರಲ್ಲೇ ಅವನ ಪ್ರಾಯ ಕಳೆಯಿತು. ಅರವತ್ತರ ದಶಕದ ಹೊತ್ತಿಗೆ ನಮ್ಮ ಸೀಮೆಯಲ್ಲಿ ಚಳಿಜ್ವರ ಬಹುಮಟ್ಟಿಗೆ ಹೋಗಿತ್ತು. ಅದನ್ನು ಓಡಿಸಿದ್ದು ಸರ್ಕಾರವಲ್ಲ, ತಾನೊಬ್ಬನೇ ಎಂಬಂತೆ ಗುತ್ಯಪ್ಪ ಮಾತಾಡುತ್ತಿದ್ದ. ಕೇಳಿ ಕೇಳಿ ನಮ್ಮ ಕಿವಿ ತೂತಾಗಿತ್ತು. ಆದರೂ ಪೂರಾ ಸುಳ್ಳು ಎನ್ನುವಂತಿರಲಿಲ್ಲ.

ಅರವತ್ತನಾಲ್ಕರ ಬೇಸಿಗೆಯಲ್ಲಿ ಇಂಥವನ ಹೊಟ್ಟೆಯ ಎಡಗಡೆ ಗಡ್ಡೆ ಎದ್ದಿತು. ಮಲೆನಾಡಿನಲ್ಲಿ ಆ ಜಾಗದ ಗಡ್ಡೆಗೆ ಇದ್ದದ್ದು ಒಂದೇ ಹೆಸರು, ಜ್ವರಗಡ್ಡೆ. ಚಳಿಜ್ವರ ಬಂದು ಬಂದು ಗುಲ್ಮ ಊದಿಕೊಳ್ಳುವುದು. ಅದಕ್ಕೆ ಮದ್ದೂ ಒಂದೇ, ಕಾದ ಕಬ್ಬಿಣದ ಬರೆ. ಪಕ್ಕದ ಮನೆಯ ಗಿರಿಯಪ್ಪ ಬರೆ ಹಾಕುವವನನ್ನು ಕರೆದುಕೊಂಡೇ ಬಂದ.

"ಜ್ವರನೇ ಇಲ್ದ ಊರಲ್ಲಿ ಜ್ವರಗಡ್ಡೆ ಎಲ್ಲಿಂದ ಬರ್ತದೆ ಗಿರಿಯಣ್ಣ?" ಎಂದು ಗುತ್ಯಪ್ಪ ಇಬ್ಬರನ್ನೂ ಹಿಂದಕ್ಕಟ್ಟಿದ. ಅದು ತಿಳುವಳಿಕೆಯ ಮಾತಲ್ಲ, ಜಂಬದ ಮಾತು. ಜಂಬವೂ ಒಮ್ಮೊಮ್ಮೆ ಉಪಕಾರ ಮಾಡುತ್ತದೆ.

ಇಲಾಖೆಯವರು ಅವನ ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಬಳಿದು ನೋಡಿದರು. ಮಲೇರಿಯಾದ ಹುಳ ಕಾಣಲಿಲ್ಲ. ಬಿಳಿ ಕಣಗಳು ಮಾತ್ರ ಕಿಕ್ಕಿರಿದಿದ್ದವು. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯ ಡಾಕ್ಟರು ಎದೆಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದು ನೋಡಿ, ಅವನನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ರಕ್ತ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅವನ ಮಜ್ಜೆ ಬಿಳಿ ಕಣಗಳನ್ನು ಮಿತಿಯಿಲ್ಲದೆ ಹುಟ್ಟಿಸುತ್ತಿದೆ. ಅವು ಗುಲ್ಮದಲ್ಲಿ ತುಂಬಿ ಗಡ್ಡೆಯಾಗಿದೆ, ಕೆಂಪು ಕಣಕ್ಕೆ ಜಾಗವಿಲ್ಲದೆ ಮೈ ಬಿಳಿಚಿದೆ. ಹೆಸರು ಲುಕೇಮಿಯಾ, ರಕ್ತದ ಕ್ಯಾನ್ಸರು, ಅವನದು ನಿಧಾನಕ್ಕೆ ಬೆಳೆಯುವ ಜಾತಿಯದು. ಮಜ್ಜೆಯ ಆರ್ಭಟ ತಗ್ಗಿಸುವ ಮಾತ್ರೆಯಿದೆ. ಗಡ್ಡೆ ಕರಗುತ್ತದೆ, ರೋಗ ಹೋಗುವುದಿಲ್ಲ. ಮೂರು ನಾಲ್ಕು ವರ್ಷ ತಡೆಯಬಹುದು, ಆಮೇಲೆ ಮಾತ್ರೆಗೂ ಬಗ್ಗದ ಕಾಲ ಬರುತ್ತದೆ. ಆಗಾಗ ರಕ್ತ ನೋಡಿಸಿಕೊಂಡೇ ನುಂಗಬೇಕು. ಹೆಚ್ಚಾದರೆ ರಕ್ತ ಹುಟ್ಟುವುದೇ ನಿಂತುಹೋಗುತ್ತದೆ.

"ಡಿಡಿಟಿ ಇದ್ದಂಗೆ," ಎಂದನಂತೆ ಗುತ್ಯಪ್ಪ. "ಹದ ತಪ್ಪಿದ್ರೆ ಸೊಳ್ಳೆ ಜತೆ ಬೆಕ್ಕೂ ಹೋಗ್ತದೆ." ಡಾಕ್ಟರು ನಕ್ಕರೋ ಇಲ್ಲವೋ ಗೊತ್ತಿಲ್ಲ.

ಊರಿಗೆ ಬಂದವನು ಹೆಂಡತಿ ವಿಶಾಲಮ್ಮನಿಗೂ ನಿಜ ಹೇಳಲಿಲ್ಲ. ಕಾರಣ ಮಗಳು ಜಲಜ. ಗಿರಿಯಪ್ಪನ ಹೆಂಡತಿ ಬೆಳ್ಳಮ್ಮನ ತವರು ಮೇಳಿಗೆ. ಅಲ್ಲಿರುವ ಅವಳ ಅಣ್ಣ ದುಗ್ಗಪ್ಪನ ಮಗನಿಗೆ ಜಲಜಳನ್ನು ಕೊಡುವುದೆಂದು ಮಾತಾಗಿತ್ತು. ಅಪ್ಪನ ರಕ್ತ ಕೆಟ್ಟಿದೆ ಎಂದರೆ ಮಗಳದ್ದೂ ಕೆಟ್ಟದ್ದೇ ಎನ್ನುವ ಜನ ನಾವು. ಹಾಗೆ ಬರುವ ರೋಗವಲ್ಲ ಅದು ಎಂದು ಡಾಕ್ಟರು ಹೇಳಿದ್ದರು, ಆದರೆ ಡಾಕ್ಟರು ಮದುವೆ ಮಾತುಕತೆಗೆ ಬಂದು ಕೂರುವುದಿಲ್ಲವಲ್ಲ. ಹಾಗಾಗಿ ಕೇಳಿದವರಿಗೆಲ್ಲ ತನ್ನದು ಜ್ವರಗಡ್ಡೆಯೇ ಎಂದುಬಿಟ್ಟ. ಊರಿನ ಜ್ವರ ಓಡಿಸಿದವನು ಆ ಮಾತನ್ನು ತನ್ನ ಬಾಯಿಂದಲೇ ಆಡಬೇಕಾಯಿತು. ಪಾಪ, ಕಾಯಿಲೆಗಿಂತ ಅದೇ ಹೆಚ್ಚು ಉರಿದಿರಬೇಕು. ನಾವು ಚೆನ್ನಾಗಿ ನಕ್ಕೆವು ಬೇರೆ.

ಮಳೆಗಾಲ ಮುಗಿಯುವುದರೊಳಗೆ ಗಡ್ಡೆ ಕರಗಿತು. ಮುಖಕ್ಕೆ ಕಳೆ ಬಂತು, ಪಂಪು ಹೊತ್ತು ಮತ್ತೆ ಕೆಲಸಕ್ಕೆ ಹೋದ. ತೊಂದರೆ ಶುರುವಾದದ್ದೇ ಅಲ್ಲಿಂದ.

ಬೆಳ್ಳಮ್ಮನಿಗೆ ನಿಜವಾದ ಜ್ವರಗಡ್ಡೆಯಿತ್ತು. ಹಳೆಯದು, ಮೇಲೆ ಬರೆಯ ಗುರುತುಗಳೂ ಇದ್ದವು. ನಮ್ಮಲ್ಲಿ ಮದ್ದೆಂದರೆ ಹೆಪ್ಪಿಗೆ ಹಾಕುವ ಮಜ್ಜಿಗೆಯ ಹಾಗೆ, ಕೇಳಿದವರಿಗೆ ಇಲ್ಲವೆನ್ನಬಾರದು. ಅವಳು ಮಾತ್ರೆ ಕೇಳಿದಳು, ಗುತ್ಯಪ್ಪ ಇಲ್ಲವೆಂದ. ಮತ್ತೆ ಕೇಳಿದಳು, ಸಿಟ್ಟಿನಿಂದ ಇಲ್ಲವೆಂದ. ವಿಶಾಲಮ್ಮನಿಗೆ ನಾಚಿಕೆಯಾಯಿತು. ನಾಳೆ ನೆಂಟರಾಗುವವರು, ಅವರ ಮುಖ ನೋಡುವುದು ಹೇಗೆ? ಗಂಡ ಕೆಲಸಕ್ಕೆ ಹೋದಾಗ ಒಂದಿಷ್ಟು ಮಾತ್ರೆಗಳನ್ನು ಕಾಗದದಲ್ಲಿ ಕಟ್ಟಿ ಕೊಟ್ಟಳು.

ಮಾರನೆಯ ಸಂಜೆ ಸೀಸೆ ಎತ್ತಿದಾಗ ಗುತ್ಯಪ್ಪನಿಗೆ ಗೊತ್ತಾಯಿತು. ಹೆಂಡತಿ ಮುಚ್ಚಿಡದೆ ಹೇಳಿದಳು. ಅವನು ಅಂಗಿಯನ್ನೂ ಹಾಕದೆ ಗಿರಿಯಪ್ಪನ ಮನೆಗೆ ಓಡಿದ, ಹಿಂದೆಯೇ ವಿಶಾಲಮ್ಮ. ಗ್ರಹಚಾರಕ್ಕೆ ಅಲ್ಲಿ ಜಗಲಿಯ ಮೇಲೆ ಮೇಳಿಗೆಯ ದುಗ್ಗಪ್ಪ ಕೂತಿದ್ದ, ಲಗ್ನದ ದಿನ ಗೊತ್ತುಮಾಡಲು ಬಂದವನು.

"ಬೆಳ್ಳಕ್ಕ, ಆ ಮಾತ್ರೆ ಕೊಡು. ಎಷ್ಟು ನುಂಗಿದೀಯ?"

"ಬೆಳಿಗ್ಗೆ ಒಂದು, ಈಗೊಂದು. ಎಂಥ ಗುತ್ಯಣ್ಣ, ನಿನ್ ಗಡ್ಡೆ ಕರಗಬೌದು, ನಂದು ಕರಗಬಾರ್ದಾ?"

"ಅದು ನಿಂಗಲ್ಲ. ಕೊಡು."

ಗಿರಿಯಪ್ಪನಿಗೆ ರೇಗಿತು. "ತಗಂಡು ಹೋಗು ಮಾರಾಯ! ಜಲಜನ ಹತ್ರ ಸೀಸೆ ಮೇಲಿನ ಹೆಸ್ರು ಬರೆಸ್ಕಂಡಿದೀನಿ. ನಾಳೆ ಸಾಗರಕ್ಕೆ ಹೋಗಿ ಬೇಕಾದಷ್ಟು ತರ್ತೀನಿ."

ಮಾತ್ರೆ ಕಸಿದುಕೊಂಡರೆ ಮುಗಿಯುವ ವಿಷಯವಾಗಿ ಅದು ಉಳಿಯಲಿಲ್ಲ. ಗುತ್ಯಪ್ಪ ಒಮ್ಮೆ ದುಗ್ಗಪ್ಪನ ಕಡೆ ನೋಡಿದ. ಸುಮ್ಮನಿದ್ದರೆ ಮಗಳ ಮದುವೆ ಆಗುತ್ತಿತ್ತು.

"ನಂದು ಜ್ವರಗಡ್ಡೆ ಅಲ್ಲ ಗಿರಿಯಣ್ಣ. ರಕ್ತದ ಕ್ಯಾನ್ಸರು. ನನ್ ಮೂಳೇಲಿ ಬಿಳಿ ರಕ್ತ ಸಿಕ್ಕಾಪಟ್ಟೆ ಹುಟ್ತದೆ, ಆ ಮಾತ್ರೆ ಅದನ್ನ ತಡೀತದೆ. ಬೆಳ್ಳಕ್ಕಂಗೆ ರಕ್ತ ಸರಿಯಾಗೇ ಹುಟ್ತಾ ಇದೆ. ಅದನ್ನ ತಡೆದ್ರೆ ಅವ್ಳು ಉಳಿಯಲ್ಲ. ನಾನೂ ಬಾಳ ವರ್ಷ ಇರಲ್ಲ."

ವಿಶಾಲಮ್ಮ ಈ ಮಾತನ್ನು ಮೊದಲು ಕೇಳಿದ್ದು ಹೀಗೆ, ಬೇರೆಯವರ ಅಂಗಳದಲ್ಲಿ ನಿಂತು. ಅದೊಂದು ಅನ್ಯಾಯವೆಂದು ನನಗೆ ಈಗಲೂ ಅನಿಸುತ್ತದೆ. ಅವಳು ಅಳಲಿಲ್ಲ. ಬೆಳ್ಳಮ್ಮನ ಕೈಯಿಂದ ಪೊಟ್ಟಣ ಇಸಿದುಕೊಂಡು ಸೆರಗಿಗೆ ಕಟ್ಟಿಕೊಂಡಳು.

ಎರಡು ಮಾತ್ರೆಯಿಂದ ಬೆಳ್ಳಮ್ಮನಿಗೆ ಏನೂ ಆಗಲಿಲ್ಲ. ದುಗ್ಗಪ್ಪ ಕಾಫಿ ಕುಡಿದು, ಲಗ್ನದ ಮಾತೆತ್ತದೆ, ಬೆಳಗಿನ ಬಸ್ಸಿಗೆ ಹೋದ. ಆಮೇಲೆ ಹುಡುಗನಿಗೆ ಗ್ರಹಬಲ ಕೂಡಿಬರುತ್ತಿಲ್ಲವೆಂದು ಹೇಳಿಕಳಿಸಿದ. ಆ ಗ್ರಹಗಳು ಹಿಂದಿನ ವಾರದವರೆಗೆ ಚೆನ್ನಾಗಿಯೇ ಇದ್ದವು.

ಗುತ್ಯಪ್ಪ ಮಾತ್ರೆ ನುಂಗುತ್ತ, ಘಟ್ಟ ಇಳಿದು ರಕ್ತ ನೋಡಿಸುತ್ತ ಅರವತ್ತೇಳರವರೆಗೆ ಬದುಕಿದ. ಡಾಕ್ಟರು ಹೇಳಿದ್ದ ಕಾಲ ಆಗ ಬಂತು. ಗಡ್ಡೆ ಮತ್ತೆ ಎದ್ದಿತು, ಮಾತ್ರೆಗೆ ಬಗ್ಗಲಿಲ್ಲ. ಹಾಸಿಗೆ ಹಿಡಿದವನ ಪಕ್ಕದಲ್ಲಿ ವಿಶಾಲಮ್ಮನ ಜೊತೆ ಬೆಳ್ಳಮ್ಮನೂ ಕೂರುತ್ತಿದ್ದಳು. ಜಲಜಳ ಸಂಬಂಧ ಮುರಿದ ಮೇಲೆ ಬೆಳ್ಳಮ್ಮ ಮೇಳಿಗೆಯ ಕಡೆ ತಲೆ ಹಾಕಿರಲಿಲ್ಲ. ಗೌರಿಹಬ್ಬಕ್ಕೆ ಕರೆಯಲು ಬಂದ ಅಣ್ಣನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ್ದಳು. ಗುತ್ಯಪ್ಪನಿಗೆ ಅದು ಸಂಕಟವಾಗಿತ್ತು.

"ತವರು ಬಿಡಬೇಡ ಬೆಳ್ಳಕ್ಕ," ಎಂದ ಒಂದು ದಿನ. "ನನ್ ಮಗ್ಳಿಗೆ ಇನ್ನೊಂದು ಗಂಡು ಸಿಗ್ತದೆ. ನಿಂಗೆ ಇನ್ನೊಬ್ಬ ಅಣ್ಣ ಸಿಗ್ತಾನಾ?"

"ಸಿಕ್ಕಿದ್ನಲ್ಲ," ಎಂದಳು ಬೆಳ್ಳಮ್ಮ. "ಅವ್ನೂ ಹೊರಟು ನಿಂತಿದಾನೆ."